ಎಡಗಾಲಿನ ಉಪನಿಷತ್ತು

ಕಷ್ಟದಲ್ಲಿರುವವರಿಗೆ ಧೈರ್ಯ ಹೇಳುವುದು ನನ್ನ ಹಳೆಯ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ಯಾರಿಗೋ ಆಪರೇಷನ್ ಆಯಿತಂತೆ, ಯಾರದೋ ಕೆಲಸ ಹೋಯಿತಂತೆ ಎಂದು ಸುದ್ದಿ ಬಂದರೆ ಸಾಕು, ಇಸ್ತ್ರಿ ಶರಟು ತೊಟ್ಟು, ಅರ್ಧ ಡಜನ್ ಮೂಸಂಬಿ ಹಿಡಿದು ಹೊರಟೇಬಿಡುತ್ತಿದ್ದೆ. ಮೂಸಂಬಿ ಬರೀ ನೆಪ. ಕೊಡಬೇಕಾಗಿದ್ದ ನಿಜವಾದ ಪದಾರ್ಥ ನನ್ನ ಬಾಯಲ್ಲಿರುತ್ತಿತ್ತು. ಕುವೆಂಪುನಗರದ ನಮ್ಮ ಬೀದಿಯಲ್ಲಿ ನನ್ನ ಸ್ಕೂಟರಿನ ಸದ್ದು ಕೇಳಿದ ಕೂಡಲೇ ರೋಗಿಗಳು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಉತ್ಪ್ರೇಕ್ಷೆ ಮಾಡುವವಳಲ್ಲ. ಅದೇ ಬೇಜಾರು.

ಎದುರುಮನೆ ರಾಯರ ಪಿತ್ತಕೋಶ ತೆಗೆದ ನಾಲ್ಕನೇ ದಿನ ಇಬ್ಬರೂ ನೋಡಲು ಹೋದೆವು. ಹೋದವನು ಮುಕ್ಕಾಲು ಗಂಟೆ ಮಾತಾಡಿದೆ. ನೋವೇ ಗುರು ಎಂದೆ. ಸಂಪತ್ತು ಬಿಟ್ಟ ಮೇಲೇ ಅಲ್ಲವೇ ಶ್ರೀನಿವಾಸ ನಾಯಕರು ಪುರಂದರದಾಸರಾದದ್ದು ಎಂದು ಕೇಳಿದೆ. (ಪಿತ್ತಕೋಶ ಬಿಟ್ಟು ದಾಸರಾದವರು ಯಾರೂ ನೆನಪಾಗಲಿಲ್ಲ.) ಕೊನೆಗೆ ವಿಕ್ಟರ್ ಫ್ರಾಂಕ್ಲ್‌ನನ್ನೂ ಕರೆತಂದೆ. ವಿಯೆನ್ನಾದ ಆ ಮನೋವೈದ್ಯ ನಾಲ್ಕು ನಾಜಿ ಶಿಬಿರಗಳನ್ನು ದಾಟಿ ಬಂದು, 1946ರಲ್ಲಿ ಪುಸ್ತಕ ಬರೆದು, ಸಂಕಟಕ್ಕೂ ಅರ್ಥ ಉಂಟೆಂದು ತೋರಿಸಿದವನು. ಅವನ ಪಕ್ಕದಲ್ಲಿ ನಿಮ್ಮ ಪಿತ್ತಕೋಶ ಯಾವ ಲೆಕ್ಕ ರಾಯರೇ ಎಂಬ ಧಾಟಿಯಲ್ಲಿ ಮುಗಿಸಿದೆ. ರಾಯರು ಹೊಲಿಗೆ ಹಿಡಿದುಕೊಂಡು, "ಹೌದು ಹೌದು" ಎಂದರು. ಅವರ ಮಗಳು ದೀಪ ಹಚ್ಚುವ ಹೊತ್ತಾಯಿತೆಂದು ಮೂರನೇ ಸಲ ಹೇಳಿದ ಮೇಲೆ ಎದ್ದೆ.

ಹೊರಗೆ ಜಗಲಿಯಲ್ಲಿ ಚಪ್ಪಲಿಗಳ ರಾಶಿ. ನನ್ನ ಮನಸ್ಸು ಇನ್ನೂ ವಿಯೆನ್ನಾದಲ್ಲೇ ಇತ್ತು. ಎಡಗಾಲು ಎತ್ತರದ ಹಿಮ್ಮಡಿಯ ಯಾವುದೋ ಚಪ್ಪಲಿಯ ಮೇಲೆ ಬಿತ್ತು, ಪಾದ ಹೊರಗಡೆಗೆ ಮಗುಚಿತು, ಹಪ್ಪಳ ಮುರಿದಂಥ ಸದ್ದಾಯಿತು. ಒಳಗಿಂದ ಮೊದಲು ಓಡಿ ಬಂದವರು ರಾಯರು. ಹೊಲಿಗೆ ಹಿಡಿದುಕೊಂಡೇ ನನ್ನ ರಟ್ಟೆಗೆ ಕೈಹಾಕಿ ಎಬ್ಬಿಸಿದರು. ಚಪ್ಪಲಿ ನನ್ನ ಹೆಂಡತಿಯದೇ. ಹೋದ ವಾರ ದೇವರಾಜ ಅರಸು ರಸ್ತೆಯಲ್ಲಿ ಕೊಂಡದ್ದು. ಎರಡಿಂಚಿನ ಹಿಮ್ಮಡಿ. ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದ್ದವನು ನಾನೇ.

ಡಾಕ್ಟರು ಎಕ್ಸ್‌ರೇ ನೋಡಿ, ಕಿರುಬೆರಳಿನ ಹಿಂದಿನ ಉದ್ದ ಮೂಳೆ ಬುಡದಲ್ಲಿ ಮುರಿದಿದೆ, ಇದಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅಂತಾರೆ, ಅಲ್ಲಿ ರಕ್ತದ ಓಡಾಟ ಕಡಿಮೆ, ಕೂಡಿಕೊಳ್ಳೋದು ನಿಧಾನ, ಆರು ವಾರ ಕಾಲು ಊರಕೂಡದು ಎಂದರು. ನಾನು ಬಿಡುವವನೇ? "ಡಾಕ್ಟ್ರೇ, ಇದರಿಂದ ನಾನು ಕಲೀಬೇಕಾದ್ದು ಏನಿರಬಹುದು?" ಎಂದೆ. ಅವರು ಚೀಟಿ ಬರೆಯುತ್ತಲೇ, "ಕೆಳಗೆ ನೋಡಿ ಕಾಲಿಡೋದು" ಎಂದರು.

ಈ ಜೋನ್ಸ್ ಯಾರೆಂದು ಮನೆಗೆ ಬಂದು ಹುಡುಕಿದೆ. ಸರ್ ರಾಬರ್ಟ್ ಜೋನ್ಸ್, ಬ್ರಿಟನ್ನಿನ ದೊಡ್ಡ ಮೂಳೆ ವೈದ್ಯ. ಪುಣ್ಯಾತ್ಮ ಕುಣಿಯುತ್ತಾ ಕುಣಿಯುತ್ತಾ ತನ್ನದೇ ಕಾಲಿನ ಈ ಮೂಳೆ ಮುರಿದುಕೊಂಡ. ದೇವರು ನನಗೇನೋ ಹೇಳುತ್ತಿದ್ದಾನೆ ಎನ್ನಲಿಲ್ಲ. ಎಕ್ಸ್‌ರೇ ತೆಗೆಸಿದ, ಅಂಥದೇ ಬೇರೆ ಕಾಲುಗಳನ್ನೂ ಸೇರಿಸಿ 1902ರಲ್ಲಿ ಲೇಖನ ಬರೆದ, ಮೂಳೆ ಮುರಿತಕ್ಕೆ ಅವನ ಹೆಸರೇ ನಿಂತಿತು. ಅವನು ಕುಣಿದು ಮುರಿದುಕೊಂಡದ್ದನ್ನು ನಾನು ಉಪದೇಶ ಮಾಡಿ ಮುರಿದುಕೊಂಡೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಸುಖ ಸಿಕ್ಕಿತ್ತೆಂದು ಆಮೇಲೆ ಬಹಳ ಯೋಚಿಸಿದ್ದೇನೆ.

ಉಪನಿಷತ್ತು ಎಂದರೆ ಹತ್ತಿರ ಕೂರುವುದು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಮೊದಲ ವಾರದಿಂದಲೇ ನನ್ನ ಹತ್ತಿರ ಕೂರುವವರು ಶುರುವಾದರು. ದಿಂಬಿನ ಮೇಲೆ ಕಾಲು, ಮೇಜಿನ ಮೇಲೆ ಮೂಸಂಬಿ. ಹದಿನೈದು ವರ್ಷ ನಾನು ಊರಿಗೆ ಹಂಚಿದ್ದ ಮೂಸಂಬಿಯೆಲ್ಲ ಬಡ್ಡಿ ಸಮೇತ ವಾಪಸು ಬಂತು.

ಮೊದಲು ಬಂದವರು ಅತ್ತಿಗೆ. ಬಂದವರೇ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿಯ ಘಾಟು ಬರಲಿಲ್ಲ, ಅಂದರೆ ದೃಷ್ಟಿ ಭಯಂಕರವಾಗಿಯೇ ಆಗಿದೆ ಎಂದರು. (ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ನಾನು ಹೇಳಲಿಲ್ಲ.) ಆಮೇಲೆ ರಾಶಿ ಕೇಳಿ, "ನಿಮಗೆ ಏಳರಾಟ ಕಣ್ರೀ ಶನಿ, ಅದಕ್ಕೇ" ಎಂದು ತೀರ್ಪಿತ್ತರು. ಮಲಗಿದವನಿಗೆ ಬೇರೇನು ಕೆಲಸ? ಲೆಕ್ಕ ಹಾಕಿದೆ. ಶನಿ ಸೂರ್ಯನನ್ನು ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಹತ್ತಿರ ಹತ್ತಿರ ಎರಡೂವರೆ ವರ್ಷ, ಮೂರು ರಾಶಿ ಸೇರಿ ಏಳೂವರೆ. ಅಂದರೆ ಯಾವತ್ತು ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಏಳರಾಟ ನಡೆಯುತ್ತಿರುತ್ತದೆ. "ಹಾಗಾದ್ರೆ ಅತ್ತಿಗೆ, ಮೈಸೂರಿನಲ್ಲಿ ನಾಲ್ಕು ಜನಕ್ಕೊಬ್ಬರು ಪ್ಲಾಸ್ಟರ್ ಹಾಕ್ಕೊಂಡಿರಬೇಕಿತ್ತಲ್ಲ?" ಎಂದೆ. ಅತ್ತಿಗೆ ನನ್ನ ಹೆಂಡತಿಯ ಕಡೆ ತಿರುಗಿ, "ನೋಡು, ಈ ನಾಲಿಗೆಗೇ ಶನಿ ಬಂದಿರೋದು, ಕಾಲಿಗಲ್ಲ" ಎಂದರು. ಅಷ್ಟು ದಿನಗಳಲ್ಲಿ ನನಗೆ ಸಿಕ್ಕ ನಿಖರವಾದ ರೋಗನಿರ್ಣಯ ಅದೇ.

ಬೆಂಗಳೂರಿನಿಂದ ಸೋದರಳಿಯ ಬಂದ. ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಹೀಲಿಂಗ್. "ಮಾಮ, ಯೂನಿವರ್ಸ್ ನಿಮಗೆ ಪಾಸ್ ಬಟನ್ ಒತ್ತಿದೆ" ಎಂದ. ನನ್ನ ಪಾದದ ಮೇಲೆ, ತಾಗದ ಹಾಗೆ, ಎರಡೂ ಅಂಗೈ ಹಿಡಿದು ಕಣ್ಣು ಮುಚ್ಚಿದ. ರೇಖಿಯಂತೆ. ಜಪಾನಿನ ಮಿಕಾವೊ ಉಸುಯಿ ಎಂಬಾತ ಸುಮಾರು ನೂರು ವರ್ಷದ ಹಿಂದೆ ಶುರುಮಾಡಿದ್ದು. ನನಗೆ ಬಿಸಿ ಅನುಭವಕ್ಕೆ ಬರುವ ಮೊದಲೇ ಗೊರಕೆ ಬಂದಿತ್ತು. ಎಚ್ಚರವಾದಾಗ ಅವನು ಗಂಭೀರವಾಗಿ ಕೂತಿದ್ದ. "ಎಡಗಡೆ ಅಂದ್ರೆ ಸ್ತ್ರೀಶಕ್ತಿ ಮಾಮ. ಅಲ್ಲಿ ಬ್ಲಾಕ್ ಆಗಿದೆ. ಅಜ್ಜಿ ಜೊತೆ ನಿಮ್ದು ಏನಾದ್ರೂ ತೀರದೇ ಇರೋದು, ಬಾಕಿ ಉಳಿದಿರೋದು ಇದ್ಯಾ?"

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಇದೆ ಕಣೋ. ಹೋದ ತಿಂಗಳ ಹಾಲಿನ ದುಡ್ಡು."

ಕೊಟ್ಟೆ. ಮೂಳೆಗೇನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಅವತ್ತಿನಿಂದ ಕಾಫಿ ಗಟ್ಟಿಯಾಯಿತು.

ಹೋಗುವ ಮುಂಚೆ ಅಳಿಯ ಇಪ್ಪತ್ತೊಂದು ಪ್ರಶ್ನೆಗಳ ಒಂದು ಹಾಳೆ ಕೊಟ್ಟ. ಇದು ಸುಮ್ಮನೆ ಯಾರೋ ಗೀಚಿದ್ದಲ್ಲ. ಅಮೆರಿಕದ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1996ರಲ್ಲಿ ರೂಪಿಸಿದ್ದು. ದೊಡ್ಡ ಆಘಾತ ಕಂಡವರಲ್ಲಿ ಕೆಲವರು ಆಮೇಲೆ ಎಷ್ಟು ಬೆಳೆದಿದ್ದಾರೆಂದು ಅಳೆಯುವುದಕ್ಕೆ: ಬೇರೆಯವರ ಜೊತೆಗಿನ ನಂಟು, ಹೊಸ ದಾರಿಗಳು, ಒಳಗಿನ ಬಲ, ಅಧ್ಯಾತ್ಮ, ಬದುಕಿನ ಬೆಲೆ, ಹೀಗೆ ಐದು ಬಾಬತ್ತು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಐದು. ಪೂರ್ತಿ ಬೆಳೆದವನಿಗೆ 105. ಯುದ್ಧ, ಕ್ಯಾನ್ಸರು, ಮಕ್ಕಳ ಸಾವು ಕಂಡವರಿಗೆ ಕೊಡುವ ಹಾಳೆಯನ್ನು ಚಪ್ಪಲಿ ಮೇಲೆ ಕಾಲಿಟ್ಟವನು ತುಂಬಬಾರದೆಂಬ ವಿವೇಕ ನನಗಿರಬೇಕಿತ್ತು. ತುಂಬಿದೆ. 88 ಬಂತು. ಹೆಂಡತಿ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ, ಕೆಂಪು ಪೆನ್ನಿನಲ್ಲಿ ಮರುಮೌಲ್ಯಮಾಪನ ಮಾಡಿದಳು. 9 ಬಂತು. "ಬೇರೆಯವರ ಸಂಕಟ ಈಗ ಹೆಚ್ಚು ಅರ್ಥ ಆಗುತ್ತೆ ಅಂತ ಐದು ಹಾಕ್ಕೊಂಡಿದ್ದೀರಲ್ರೀ, ನಿನ್ನೆ ಬೆನ್ನುನೋವು ಅಂದ್ರೆ ಬೆಲ್ಲ ತಂದ್ಯಾ ಅಂತ ಕೇಳಿದ್ರಿ."

ಎದುರು ಸಾಲಿನ ಕೊನೆಮನೆಯ ಕನ್ನಡ ಮೇಷ್ಟ್ರದು ಬೇರೆಯೇ ಚಿಕಿತ್ಸೆ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ 1943ರಲ್ಲಿ ಬಂದದ್ದು, ಒಟ್ಟು 945 ಮುಕ್ತಕಗಳು. ಅದರಲ್ಲಿ ನನ್ನ ಕಾಲಿಗೆ ಅನ್ವಯಿಸುವಂಥ ಹದಿನಾರನ್ನು ಆರಿಸಿ, ಚೀಟಿಯಿಟ್ಟು ತಂದಿದ್ದರು. ಓದಿ, ಅನ್ವಯಿಸಿ, ಭಾವಾರ್ಥ ಹೇಳಿ, ಇನ್ನೊಮ್ಮೆ ಓದಿದರು. ಕಗ್ಗ ನನಗೂ ಪ್ರಾಣ. ಆದರೆ ಮಲಗಿರುವವನ ಮುಖದ ಮೇಲೆ ಓದಿದರೆ ಎಂಥ ಪದ್ಯವೂ ನೋಟೀಸಿನ ಹಾಗೆ ಕೇಳುತ್ತದೆ. ಏಳನೇ ಚೀಟಿಗೆ ನಾನೂ ನನ್ನ ರೋಗಿಗಳ ಹಾಗೆ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನೊಳಗೆ ಹದಿನೈದು ವರ್ಷದ ರೋಗಿಗಳೆಲ್ಲ ಸಾಲಾಗಿ ಕೂತು ಮೂಸಂಬಿ ಸುಲಿಯುತ್ತಿದ್ದರು.

ಇವರ ನಡುವೆ ಆಫೀಸಿನ ಕ್ರೈಸ್ತ ಗೆಳೆಯ ಬಂದು ಯೋಬನ ಕಥೆ ಹೇಳಿದ. ಹೇಳಿದ್ದು ನನ್ನ ತಾಳ್ಮೆಗೆಂದು, ನನಗೆ ರುಚಿಸಿದ್ದು ಬೇರೆ. ಯೋಬನಿಗೆ ಆಸ್ತಿ, ಮಕ್ಕಳು ಎಲ್ಲ ಹೋಗಿ ಮೈತುಂಬ ಹುಣ್ಣಾದಾಗ ಮೂವರು ಗೆಳೆಯರು ನೋಡಲು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಲ್ಲಿಗೆ ಎದ್ದು ಹೋಗಿದ್ದರೆ ಹೆಸರುಳಿಯುತ್ತಿತ್ತು. ಎಂಟನೇ ದಿನ ಬಾಯಿ ಬಿಟ್ಟರು, ನಿನ್ನದೇ ಏನೋ ತಪ್ಪಿರಬೇಕು ಎಂದು ಶುರುಮಾಡಿ ಅಧ್ಯಾಯಗಟ್ಟಲೆ ಬೆಳೆಸಿದರು. ಕೊನೆಗೆ ದೇವರಿಗೇ ಸಿಟ್ಟು ಬಂದು ಆ ಗೆಳೆಯರಿಂದ ಏಳು ಹೋರಿ, ಏಳು ಟಗರು ಬಲಿ ಕೊಡಿಸಿದ. ನನ್ನ ಲೆಕ್ಕಕ್ಕೆ ಎಷ್ಟು ಟಗರು ಬೀಳಬಹುದೆಂದು ಅಂದಾಜು ಮಾಡಿದೆ. ಬನ್ನೂರು ಸಂತೆಯೇ ಖಾಲಿಯಾಗುತ್ತಿತ್ತು.

ಮೂರನೇ ವಾರ ಪ್ಲಾಸ್ಟರಿನೊಳಗೆ ತುರಿಕೆ ಶುರುವಾಯಿತು. ನೋವಿಗೆ ಒಂದು ಘನತೆಯಿದೆ, ನೋವಿನ ಮೇಲೆ ಗ್ರಂಥಗಳಿವೆ. ತುರಿಕೆಗೆ ಯಾರು ಬರೆದಿದ್ದಾರೆ? ಹಿಂದೊಮ್ಮೆ ನಾನೇ ಯಾರಿಗೋ ಸಾಕ್ಷೀಭಾವದ ಬಗ್ಗೆ ಹೇಳಿದ್ದು ನೆನಪಾಯಿತು. ತುರಿಕೆ ಬೇರೆ, ನಾನು ಬೇರೆ. ತುರಿಕೆ ಬರುತ್ತದೆ, ಹೋಗುತ್ತದೆ, ನಾನು ನೋಡುವವನು ಮಾತ್ರ. ಗಡಿಯಾರ ಇಟ್ಟುಕೊಂಡೇ ನೋಡಿದೆ. ನಾಲ್ಕು ನಿಮಿಷ ನೋಡಿದೆ. ತುರಿಕೆ ಬಂದದ್ದು ನಿಜ, ಹೋಗುವ ಬಾಬತ್ತೇ ಬರಲಿಲ್ಲ. ಐದನೇ ನಿಮಿಷಕ್ಕೆ ಪೊರಕೆಯಿಂದ ಒಂದು ತೆಂಗಿನಕಡ್ಡಿ ಕಿತ್ತು ಒಳಗೆ ಬಿಟ್ಟೆ. ಆಹಾ! ಬ್ರಹ್ಮಾನಂದ ಎಂಬುದೇನಾದರೂ ಇದ್ದರೆ ಅದು ಪಾದದ ಹಿಂಭಾಗದಲ್ಲಿ, ಬೆರಳಿಗೆ ಎಟುಕದ ಕಡೆ ಇದೆ. ಮೂರನೇ ದಿನ ಆನಂದ ತಾರಕಕ್ಕೇರಿದಾಗ ಕಡ್ಡಿ ಒಳಗೇ ಮುರಿಯಿತು.

ಹೆಂಡತಿಗೆ ಹೇಳಲು ಧೈರ್ಯ ಬರಲಿಲ್ಲ. ಎರಡು ದಿನ ಮುಖ ಬಿಗಿದುಕೊಂಡು ಕೂತೆ. ನೋಡಲು ಬಂದವರು, "ಎಷ್ಟು ಶಾಂತವಾಗಿದ್ದೀರಿ, ಮಾತೇ ಕಡಿಮೆಯಾಗಿದೆ, ನಿಜಕ್ಕೂ ಅಂತರ್ಮುಖಿಯಾಗಿಬಿಟ್ರಿ" ಎಂದು ಮೆಚ್ಚಿದರು. ಮೇಷ್ಟ್ರಂತೂ ಕೈ ಮುಗಿದರು. ಕಡ್ಡಿ ಚುಚ್ಚುತ್ತಿದ್ದಾಗ ಬೇರೆ ಯಾವ ಮುಖ ಮಾಡಲು ಸಾಧ್ಯ? ಮೂರನೇ ದಿನ ತಡೆಯಲಾರದೆ ಆಸ್ಪತ್ರೆಗೆ ಹೋದೆ. ಡಾಕ್ಟರು ಪ್ಲಾಸ್ಟರ್ ಕೊಯ್ದರು. ಬಿಳೀ ಬಟ್ಟೆಯ ಮೇಲೆ ಒಂದೊಂದಾಗಿ ಜೋಡಿಸಿದರು: ಮುರಿದ ಕಡ್ಡಿ ಒಂದು, ಕಡಲೆಕಾಯಿ ಬೀಜ ಎರಡು, ಚಕ್ಕುಲಿ ಚೂರು ಒಂದು. ನರ್ಸಮ್ಮ ಮುಖ ಆ ಕಡೆ ತಿರುಗಿಸಿಕೊಂಡರು. ಮುಖ ಉಳಿಸಿಕೊಳ್ಳಲು ನಾನು, "ಮುರಿದ ಮೂಳೆ ಕೂಡಿದ ಮೇಲೆ ಮೊದಲಿಗಿಂತ ಗಟ್ಟಿಯಾಗುತ್ತಂತಲ್ಲ ಡಾಕ್ಟ್ರೇ, ಮನುಷ್ಯನೂ ಹಾಗೇ ಅಲ್ವೇ?" ಎಂದೆ. "ಶುರುವಿನಲ್ಲಿ ಅಲ್ಲಿ ಸ್ವಲ್ಪ ದಪ್ಪಗೆ ಗಂಟು ಕಟ್ಟುತ್ತೆ, ಅಷ್ಟೆ. ಆಮೇಲೆ ನಿಧಾನಕ್ಕೆ ಸವೆದು ಮೊದಲಿನ ಆಕಾರಕ್ಕೇ ಬರುತ್ತೆ. ಮೊದಲು ಹೇಗಿತ್ತೋ ಹಾಗಾದ್ರೆ ಸಾಕು ಅಂದ್ಕೊಳ್ಳಿ" ಎಂದು ಹೊಸ ಪ್ಲಾಸ್ಟರ್ ಸುತ್ತಿದರು. ಖರ್ಚು ಬೇರೆ.

ಆ ಸಂಜೆ ಫ್ರಾಂಕ್ಲ್‌ನ ಪುಸ್ತಕವನ್ನು ಇಡಿಯಾಗಿ ಓದಲು ಕೂತೆ. ಅಲ್ಲಿಯವರೆಗೆ ಅರ್ಧಕ್ಕೇ ಬಿಟ್ಟಿದ್ದೆ. ಉಪದೇಶಕ್ಕೆ ಅರ್ಧ ಸಾಕಾಗುತ್ತದೆ. ತಪ್ಪಿಸಬಹುದಾದ ಸಂಕಟವಾದರೆ ಮೊದಲು ಅದರ ಕಾರಣವನ್ನು ತೆಗೆದುಹಾಕು, ಅನಗತ್ಯವಾಗಿ ನರಳುವುದರಲ್ಲಿ ಶೌರ್ಯವಿಲ್ಲ ಎಂಬ ಅರ್ಥದ ಮಾತನ್ನು ಅವನು ಉಳಿದರ್ಧದಲ್ಲಿ ಬರೆದಿಟ್ಟಿದ್ದ. ನಾನು ಪೊರಕೆಯನ್ನು ಕೈಗೆಟುಕದ ಕಡೆ ಇಡಲು ಹೇಳಿದೆ.

ರಾಯರು ಬಂದದ್ದು ನಾಲ್ಕನೇ ವಾರ. ಬೇಕಾದರೆ ಸೇಡು ತೀರಿಸಿಕೊಳ್ಳಲಿ, ಮುಕ್ಕಾಲು ಗಂಟೆಗೆ ಮುಕ್ಕಾಲು ಗಂಟೆ ಎಂದು ಸಿದ್ಧನಾಗಿದ್ದೆ. ಅವರು ಕುರ್ಚಿ ಎಳೆದುಕೊಂಡು, ಕಂಕುಳಿನ ಪೇಪರ್ ಬಿಡಿಸಿ, "ನಾಲ್ಕಕ್ಷರ, ಕೊನೆಗೆ ಕಾಯಿ, ಹಿತ್ತಲಲ್ಲಿ ಬೆಳೆಯೋದು" ಎಂದರು. "ನುಗ್ಗೆಕಾಯಿ" ಎಂದೆ. "ಕೂರುತ್ತೆ" ಎಂದರು. ಒಂದು ಗಂಟೆ ಪದಬಂಧ ತುಂಬಿದೆವು. ಕಾಲಿನ ಸುದ್ದಿಯೇ ಎತ್ತಲಿಲ್ಲ. ಹೋಗುವಾಗ ನನ್ನ ಮೇಜಿನಿಂದ ಎರಡು ಮೂಸಂಬಿ ತಾವೇ ತೆಗೆದುಕೊಂಡರು.

ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾದ ಮೇಲೆ ಕನ್ನಡ ಮೇಷ್ಟ್ರು ಸೊಂಟದ ಡಿಸ್ಕ್ ಜಾರಿ ಆಸ್ಪತ್ರೆ ಸೇರಿದರು. ಹೊರಡುವ ಮೊದಲು ಹೆಂಡತಿಗೆ ಮಾತು ಕೊಟ್ಟೆ. ಪದಬಂಧ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡೆ. ವಾರ್ಡಿನಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಯೋಬನ ಗೆಳೆಯರನ್ನು ನೆನೆದುಕೊಂಡೆ. ಅವರಿಗೆ ಏಳು ದಿನ ಸಾಧ್ಯವಾಗಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದವು. ಮೇಷ್ಟ್ರು ಮೆಲ್ಲನೆ ನರಳಿ ಮಗ್ಗುಲಾದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವಾದ್ರೂ ಎರಡು ಮಾತು ಧೈರ್ಯ ಹೇಳಿ" ಎಂದರು.

"ನೋಡಿ ಮೇಷ್ಟ್ರೇ," ಎಂದು ಗಂಟಲು ಸರಿಮಾಡಿಕೊಂಡೆ, "ನನಗೆ ಕಾಲು ಮುರಿದಾಗ ನಾನೇನು ಕಲಿತೆ ಅಂದ್ರೆ..."

ಅಷ್ಟರಲ್ಲಿ ಸ್ಟೂಲಿನ ಕೆಳಗೆ ನನ್ನ ಎಡಪಾದದ ಮೇಲೆ ಏನೋ ಇಳಿಯಿತು. ಆಸ್ಪತ್ರೆಯಾದ್ದರಿಂದ ನನ್ನ ಹೆಂಡತಿ ಚಪ್ಪಲಿ ಬಿಚ್ಚಿರಲಿಲ್ಲ. ಅದೇ ಎರಡಿಂಚಿನ ಹಿಮ್ಮಡಿ.