ಇಸಿಎಂ ಅಣ್ಣ

ಯಶವಂತಪುರದ ಎಪಿಎಂಸಿ ಯಾರ್ಡ್‌ನಿಂದ ಗೊರಗುಂಟೆಪಾಳ್ಯದವರೆಗೆ ಎಲ್ಲೇ ಒಂದು ಪಿಕಪ್ ಬಾನೆಟ್ ಎತ್ತಿಕೊಂಡು ನಿಂತರೂ ಐದು ನಿಮಿಷದೊಳಗೆ ಇಸಿಎಂ ಅಣ್ಣ ಹಾಜರು. ಅವನು ಮೆಕ್ಯಾನಿಕ್ ಅಲ್ಲ, ಎಲೆಕ್ಟ್ರಿಷಿಯನ್ ಅಲ್ಲ, ಯಾವ ಗ್ಯಾರೇಜಿಗೂ ಪಾಲುದಾರನಲ್ಲ. ಕೆಎ-04 ನಂಬರಿನ ಒಂದು ಪಿಕಪ್ಪಿಗೆ ಮಾಲೀಕ, ಡ್ರೈವರ್, ಆಳು ಬರದ ದಿನ ಹಮಾಲಿಯೂ ಅವನೇ. ಬೆಳಗಿನ ಜಾವ ಈರುಳ್ಳಿ ಮೂಟೆ ತುಂಬಿಕೊಂಡು ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಅಂಗಡಿಗಳಿಗೆ ಇಳಿಸಿ ಬಂದನೆಂದರೆ ಮಧ್ಯಾಹ್ನಕ್ಕೆ ಬಿಡುವು. ಆ ಬಿಡುವನ್ನು ಕಂಡವರ ಬಾನೆಟ್ಟುಗಳಿಗೆ ಮುಡಿಪಾಗಿಟ್ಟಿದ್ದಾನೆ.

ಬಂದ ತಕ್ಷಣ ಮಾತಾಡುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ಎಂಜಿನ್ನಿನತ್ತ ಬಗ್ಗಿ ನೋಡುತ್ತಾನೆ. ಆಮೇಲೆ, “ಒಂದ್ ಸೆಲ್ಫ್ ಹೊಡಿ ಗುರು.” ಹುಡುಗ ಕೀ ತಿರುಗಿಸುತ್ತಾನೆ. ಎಂಜಿನ್ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ.

“ಚೆಕ್ ಲೈಟ್ ಬರ್ತೈತಾ?”

“ಬರ್ತೈತೆ ಅಣ್ಣ.”

“ಇಸಿಎಂ ಹೋಗೈತೆ.”

ಲೈಟ್ ಬರುತ್ತಿಲ್ಲ ಎಂದಿದ್ದರೂ ತೀರ್ಪಿನಲ್ಲಿ ವ್ಯತ್ಯಾಸವಿರುತ್ತಿರಲಿಲ್ಲ. “ಇಸಿಎಂ ಪೂರ್ತಿ ಹೋಗೈತೆ” ಎಂದು ಒಂದು ಪದ ಜಾಸ್ತಿಯಾಗುತ್ತಿತ್ತು, ಅಷ್ಟೆ. ಕೀ ಆನ್ ಮಾಡಿದ ಮೇಲೆ ಎಂಜಿನ್ ಸ್ಟಾರ್ಟ್ ಆಗುವ ತನಕ ಆ ಲೈಟು ಉರಿಯಲೇಬೇಕು, ಉರಿಯದಿದ್ದರೆ ಮೊದಲು ನೋಡಬೇಕಾದ್ದು ಫ್ಯೂಸು, ರಿಲೇ. ಫ್ಯೂಸಿಗೆ ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಅಷ್ಟು ಅಗ್ಗದ ಕಾಯಿಲೆಯಲ್ಲಿ ಅಣ್ಣನಿಗೆ ಆಸಕ್ತಿಯಿಲ್ಲ.

ಅವನ ಅಪ್ಪ ಓಡಿಸುತ್ತಿದ್ದ ಗಾಡಿಗೆ ಈ ರೋಗವೇ ಇರಲಿಲ್ಲ. 1986ರಲ್ಲಿ ಬಂದ ಟಾಟಾ 407ರಂಥ ಗಾಡಿಗಳಲ್ಲಿ ಡೀಸೆಲ್ ಅಳೆದು ಕೊಡುತ್ತಿದ್ದದ್ದು ಬರೀ ಕಬ್ಬಿಣದ ಪಂಪು. ಆಡುಗೋಡಿಯ ಮೈಕೋದವರ ಹೆಸರು ಆ ಪಂಪಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, 1951ರಲ್ಲಿ ಶುರುವಾದ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೇಲೂ ಹಳೇ ಮೇಸ್ತ್ರಿಗಳು ಮೈಕೋ ಎಂದೇ ಕರೆಯುತ್ತಾರೆ. ಹೊಗೆ ಬಂದರೆ ಪಂಪ್ ಬಿಚ್ಚು, ಕ್ಯಾಲಿಬ್ರೇಷನ್ ಮಾಡಿಸು, ಹಾಕು. ಆಮೇಲೆ ಹೊಗೆಯ ಕಾನೂನು ಬಿಗಿಯಾಯಿತು. 2017ರ ಏಪ್ರಿಲ್ 1ಕ್ಕೆ ದೇಶಕ್ಕೆಲ್ಲ ಬಿಎಸ್-4 ಬಂತು, ಮೂರೇ ವರ್ಷಕ್ಕೆ ಬಿಎಸ್-6. ಇಷ್ಟು ನಯವಾದ ಲೆಕ್ಕ ಕಬ್ಬಿಣದ ಪಂಪಿಗೆ ಒಗ್ಗುವುದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 1800 ಸುತ್ತು ಸುತ್ತುವಾಗ ಸೆಕೆಂಡಿಗೆ 60 ಸಲ ಯಾವುದೋ ಒಂದು ಸಿಲಿಂಡರಿಗೆ ಡೀಸೆಲ್ ಬೀಳಬೇಕು. ಎಷ್ಟು, ಯಾವ ಕ್ಷಣಕ್ಕೆ, ಎರಡು ಕಂತಿನಲ್ಲೋ ಮೂರು ಕಂತಿನಲ್ಲೋ ಎಂದು ತೀರ್ಮಾನಿಸುವುದು ಇಸಿಎಂ ಎಂಬ ಅಲ್ಯೂಮಿನಿಯಂ ಡಬ್ಬಿ. ಕ್ರ್ಯಾಂಕ್ ಸೆನ್ಸಾರ್, ಕ್ಯಾಮ್ ಸೆನ್ಸಾರ್, ರೈಲ್ ಪ್ರೆಷರ್, ಆಕ್ಸಿಲರೇಟರ್ ಪೆಡಲ್, ಎಲ್ಲ ಕಡೆಯಿಂದ ಅದಕ್ಕೆ ವರದಿ ಹೋಗುತ್ತಿರುತ್ತದೆ.

ಈ ಡಬ್ಬಿಯ ದೊಡ್ಡ ಗುಣವೆಂದರೆ ಅದನ್ನು ಬಿಚ್ಚಿ ನೋಡಲಾಗುವುದಿಲ್ಲ. ಪಂಪಾದರೆ ಕೆಟ್ಟದ್ದು ಸವೆದು ಕಾಣುತ್ತಿತ್ತು. ಇದು ಸತ್ತರೂ ಹೊಳೆಯುತ್ತಲೇ ಇರುತ್ತದೆ. ಹಾಗಾಗಿ ಯಾರು ಬೇಕಾದರೂ ಅದರ ಮೇಲೆ ಆರೋಪ ಹೊರಿಸಬಹುದು, ಅದು ಬಾಯಿ ಬಿಡುವುದಿಲ್ಲ.

ಅಣ್ಣನಿಗೆ ಈ ಜ್ಞಾನೋದಯವಾದದ್ದು ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ. ಬೆಳಗಿನ ಟ್ರಾಫಿಕ್ಕಿನ ಹೊತ್ತಿಗೆ, ಏರ್‌ಪೋರ್ಟಿಗೆ ಹೊರಟವರೆಲ್ಲ ಹಿಂದಿನಿಂದ ಹಾರ್ನ್ ಬಾರಿಸುತ್ತಿರುವಾಗ, ಈರುಳ್ಳಿ ಸಮೇತ ಗಾಡಿ ನಿಂತಿತು. ಟೋ ಮಾಡಿಸಿ ಒಂದು ಗ್ಯಾರೇಜಿಗೆ ಎಳೆಸಿದ. ಸ್ಕ್ಯಾನರ್ ಹಾಕಿದರು, ನಾಲ್ಕಾರು ಕೋಡ್ ಒಟ್ಟಿಗೆ ಬಂತು, ಇಸಿಎಂ ಬದಲಾಯಿಸಿದರು, ಗಾಡಿ ಹೊರಟಿತು. ಬೈಪಾಸ್ ಮಾಡಿಸಿಕೊಂಡವರು ಮದುವೆಮನೆಯಲ್ಲಿ ಪಕ್ಕದವರ ತೇಗಿಗೂ ಹೃದಯದ ಕಾರಣ ಹುಡುಕುವಂತೆ ಅಣ್ಣನೂ ಅವತ್ತಿನಿಂದ ಆದ. ಖರ್ಚು ಮೊದಮೊದಲು 30 ಸಾವಿರ ಎನ್ನುತ್ತಿದ್ದ. ಈಗ ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೆ 55 ಸಾವಿರದವರೆಗೂ ಏರುತ್ತದೆ.

ಅವನ ಮಾತಿನಲ್ಲಿ ಸುಳ್ಳಿಗಿಂತ ನಿಜವೇ ಹೆಚ್ಚು ಎಂಬುದು ತಮಾಷೆ. ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಡಬ್ಬಿ ತಂದು ಸಿಕ್ಕಿಸಿದರೆ ಆಗುವುದಿಲ್ಲ ಎನ್ನುತ್ತಾನೆ, ಸರಿಯೇ. ಲೇಬಲ್ಲಿನ ನಂಬರ್ ತಾಳೆಯಾಗಬೇಕು, ಒಳಗಿನ ಸಾಫ್ಟ್‌ವೇರ್ ಅದೇ ಮಾಡೆಲ್ಲಿನದಾಗಿರಬೇಕು, ಇಮ್ಮೊಬಿಲೈಸರ್ ಇದ್ದ ಗಾಡಿಯಾದರೆ ಡಬ್ಬಿಗೂ ಕೀಗೂ ಹೊಸದಾಗಿ ಪರಿಚಯ ಮಾಡಿಸಬೇಕು. ಇಲ್ಲದಿದ್ದರೆ ಬೇರೆ ಯಾರದೋ ಕೀಗೆ ಕಾಯುತ್ತ ಕೂರುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ-ಅಂಕಿಗಳ ಕೋಡ್ ಇರುತ್ತದೆ. ಒಂದೊಂದು ಇಂಜೆಕ್ಟರು ಎಷ್ಟು ಹೆಚ್ಚುಕಡಿಮೆ ಡೀಸೆಲ್ ಬಿಡುತ್ತದೆಂಬ ಗುಟ್ಟು ಅದು. ಅದನ್ನೂ ಹೊಸ ಡಬ್ಬಿಗೆ ಬರೆಯದಿದ್ದರೆ ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಹೊಗೆ ಉಗುಳುತ್ತದೆ. ಇದನ್ನೆಲ್ಲ ಅಣ್ಣ ಟೀ ಲೋಟ ಹಿಡಿದು ತಡಬಡಾಯಿಸದೆ ಹೇಳುವುದನ್ನು ಕೇಳಿದರೆ ಶೋರೂಮಿನವರೂ ತಲೆದೂಗಬೇಕು.

ಇಸಿಎಂ ಸಾಯುವುದೇ ಇಲ್ಲ ಎಂದೇನಲ್ಲ. ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವೀಸ್ ಮುಂದೆ ಪಿಕಪ್ಪುಗಳ ಸಾಲು ನಿಂತಿರುತ್ತದಲ್ಲ, ಅಲ್ಲಿ ಪ್ರೆಷರ್ ಗನ್ನನ್ನು ನೇರ ಎಂಜಿನ್ನಿಗೆ ಹಿಡಿದು ಕಪ್ಲರುಗಳೊಳಗೆ ನೀರು ನುಗ್ಗಿಸುತ್ತಾರೆ. ಮಾರನೇ ದಿನ ಕುಂಬಳಕಾಯಿ ಒಡೆದಾಗ ಗಾಡಿ ಮುಂದೆ ಹೋಗಿ ನಿಂಬೆಹಣ್ಣು ಅಪ್ಪಚ್ಚಿ ಮಾಡಬೇಕು, ಹೋಗುವುದಿಲ್ಲ. ಹಿಂದಿನ ಬಾಡಿಗೆ ಕಂಬಿ ಕೂರಿಸುವ ವೆಲ್ಡಿಂಗ್‌ನವರು ಬ್ಯಾಟರಿ ವೈರ್ ಬಿಚ್ಚದೆಯೇ ಕಿಡಿ ಹಾರಿಸುವುದೂ ಉಂಟು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರದ ಜನ ದೋಣಿಯಲ್ಲಿ ಹೊರಬಂದರು, 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕಥೆ. ಹೀಗೆ ಮುಳುಗಿದ ಗಾಡಿಗೆ ನೀರಿಳಿದ ಮೇಲೆ ಆಸೆಯಿಂದ ಸೆಲ್ಫ್ ಹೊಡೆಯುವುದಕ್ಕಿಂತ ಕೆಟ್ಟ ಕೆಲಸವಿಲ್ಲ. ಇಂಥ ಕೇಸುಗಳಲ್ಲಿ ಅಣ್ಣನ ತೀರ್ಪು ನಿಜವಾಗಿಬಿಡುತ್ತದೆ. ಮುಂದಿನ ಹಲವು ತಿಂಗಳಿಗೆ ಅಷ್ಟು ಬಂಡವಾಳ ಅವನಿಗೆ ಸಾಕು.

ಅವನಿಗಿರುವ ಒಬ್ಬನೇ ವಿರೋಧಿ ಎಂದರೆ ಮೂಲೆಯ ಶೆಡ್ಡಿನ ಆಟೋ ಎಲೆಕ್ಟ್ರಿಷಿಯನ್, ಎಲ್ಲರ ಬಾಯಲ್ಲಿ ಭಾಯ್. ಭಾಯ್ ಮಾತು ಕಡಿಮೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಒತ್ತಿ, ಸೆಲ್ಫ್ ಹೊಡೆಸುತ್ತಾರೆ. ಅರ್ಧ ವೋಲ್ಟ್ ದಾಟಿತೋ, ಅರ್ಥ್ ಕೆಟ್ಟಿದೆ. ಛಾಸಿಗೂ ಎಂಜಿನ್ನಿಗೂ ನಡುವೆ ಇರುವ ತಾಮ್ರದ ಪಟ್ಟಿಯ ಬೋಲ್ಟು ತುಕ್ಕು ಹಿಡಿದರೆ ನೂರಾರು ಆಂಪಿಯರ್ ಎಳೆಯುವ ಸ್ಟಾರ್ಟರಿನ ಕಾಟಕ್ಕೆ ಇಸಿಎಂಗೆ ಸಿಗಬೇಕಾದ ವೋಲ್ಟೇಜು ಕುಸಿದು ಅದು ತಲೆತಿರುಗಿ ಬೀಳುತ್ತದೆ. ಸ್ಕ್ಯಾನರಿನಲ್ಲಿ ಸಂಬಂಧವಿಲ್ಲದ ಕೋಡುಗಳೆಲ್ಲ ಬರುತ್ತವೆ. ಇನ್ನೊಂದು ಚಮತ್ಕಾರ, ಸೆನ್ಸಾರುಗಳಿಗೆ ಇಸಿಎಂ ಕೊಡುವ 5 ವೋಲ್ಟಿನದು: ಒಂದು ಸೆನ್ಸಾರ್ ಶಾರ್ಟ್ ಆದರೆ ಅದೇ ಲೈನಿನ ಮಿಕ್ಕವನ್ನೂ ಎಳೆದುಕೊಂಡು ಬೀಳುತ್ತದೆ. ಭಾಯ್ ಒಂದೊಂದೇ ಕಪ್ಲರ್ ಕೀಳುತ್ತಾ ಹೋಗುತ್ತಾರೆ. ಯಾವುದನ್ನು ಕಿತ್ತಾಗ 5 ವೋಲ್ಟ್ ವಾಪಸ್ ಬಂತೋ ಅದು ಕಳ್ಳ.

ಮೊನ್ನೆ ಹುಡುಗನೊಬ್ಬನ ಬಿಎಸ್-6 ಗಾಡಿಯಲ್ಲಿ ಇಲಿ ಕಡಿದ ವೈರು ಸಿಕ್ಕಿತು. ಭಾಯ್ ಬೆಸುಗೆ ಹಾಕಿ, ಟೇಪ್ ಸುತ್ತಿ, ಸ್ಟಾರ್ಟ್ ಮಾಡಿ ತೋರಿಸಿದರು. ಅಣ್ಣ ವಿಚಲಿತನಾಗಲಿಲ್ಲ. “ಇವತ್ತು ವೈರು. ನಾಳೆ ಇಸಿಎಂ. ಬರ್ಕೊಂಡಿಟ್ಕೊ.”

ಅಣ್ಣನ ಹಳೇ ಇಸಿಎಂ ಇನ್ನೂ ಅವನ ಬಳಿಯೇ ಇದೆ. ಪೇಪರಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದಾನೆ, ವಾದ ಬಂದಾಗ ಹೊರತೆಗೆಯುತ್ತಾನೆ. ಆಯುಧಪೂಜೆಗೆ ಅದಕ್ಕೂ ಕುಂಕುಮ. ಭಾಯ್ ಒಮ್ಮೆ, “ಕೊಡಿ ಅಣ್ಣ, ಟೇಬಲ್ ಮೇಲೆ ಕರೆಂಟ್ ಕೊಟ್ಟು ನೋಡ್ತೀನಿ, ಚೆನ್ನಾಗಿದ್ರೂ ಇರ್ಬೋದು” ಎಂದರು. ಅಣ್ಣನ ಮುಖ ಬಿಳಿಚಿಕೊಂಡಿತು. “ಸತ್ತೋಗಿರೋದನ್ನ ಯಾಕೆ ಎಬ್ಬಿಸ್ತೀರಾ ಭಾಯ್” ಎಂದು ಪೇಪರ್ ಸುತ್ತಿ ಒಳಗಿಟ್ಟುಬಿಟ್ಟ.

ಕೊನೆಗೊಂದು ದಿನ ಅಣ್ಣನ ಪಿಕಪ್ಪೇ ಶೆಡ್ಡಿನ ಮುಂದೆ ನಿಂತಿತು. ಸೆಲ್ಫ್ ಸುತ್ತುತ್ತದೆ, ಹತ್ತುವುದಿಲ್ಲ. ನೆರೆದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಸುಗೆ ಹಾಕಿಸಿಕೊಂಡಿದ್ದ ಹುಡುಗ ಧೈರ್ಯ ಮಾಡಿ, “ಅಣ್ಣ, ಇಸಿಎಂ...” ಎಂದ.

“ಹೊಸಾದ್ ಹಾಕ್ಸಿದೀನಿ ಕಣೋ! ಅದೆಂಗೆ ಹೋಗ್ತದೆ? ಇದು ಡೀಸೆಲ್ ಪ್ರಾಬ್ಲಮ್ಮು. ಬಂಕ್‌ನೋರು ನೀರು ಬೆರೆಸವ್ರೆ.”

ಟ್ಯಾಂಕ್ ಖಾಲಿ ಮಾಡಿಸಿದ. ಇನ್ನೊಂದು ಬಂಕಿನಿಂದ ಕ್ಯಾನಿನಲ್ಲಿ ಹೊಸ ಡೀಸೆಲ್ ತರಿಸಿ ಹುಯ್ಯಿಸಿದ. ಹ್ಯಾಂಡ್ ಪಂಪ್ ಒತ್ತಿ ಒತ್ತಿ ಏರ್ ತೆಗೆಯುವಷ್ಟರಲ್ಲಿ ಅಂಗಿಯೆಲ್ಲ ಬೆವರು. ಅಷ್ಟು ಹೊತ್ತು ಭಾಯ್ ಗಾಡಿಯಡಿ ಮಲಗಿ, ತುಕ್ಕು ಹಿಡಿದ ಅರ್ಥ್ ಬೋಲ್ಟನ್ನು ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಬಿಗಿದು ಎದ್ದರು. ಅಣ್ಣ ಕೀ ತಿರುಗಿಸಿದ. ಒಂದೇ ಸೆಲ್ಫಿಗೆ ಸ್ಟಾರ್ಟ್.

“ನೋಡಿದ್ಯಾ? ಡೀಸೆಲ್ ಚೇಂಜ್ ಮಾಡ್ತಿದ್ದಂಗೇ!” ಎಂದು ಅಣ್ಣ ಹುಡುಗನ ಬೆನ್ನು ತಟ್ಟಿ, ಭಾಯ್‌ಗೂ ಸೇರಿಸಿ ಮೂರು ಟೀ ಹೇಳಿದ.