ಇನ್ನರ್ಧ ಸುತ್ತು

ಹಳೆಯ ಬೀಟಲ್ ಕಾರಿನ ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ಡು ಹಾಳಾಗುವುದು ಹೆಚ್ಚಾಗಿ ಅಸಡ್ಡೆಯಿಂದಲ್ಲ, ಅಕ್ಕರೆಯಿಂದ. ಕಾರನ್ನು ಹುಣಸೆಮರದಡಿ ನಿಲ್ಲಿಸಿ ಮರೆತವನ ಎಂಜಿನ್ನಿನಲ್ಲಿ ಇಲಿ ಸಂಸಾರ ಹೂಡಬಹುದು, ಕಾರ್ಬುರೇಟರಿನೊಳಗೆ ಪೆಟ್ರೋಲು ಅರಗಾಗಿ ಕೂರಬಹುದು. ಪ್ಲಗ್ಗಿನ ತೂತು ಮಾತ್ರ, ಯಾರೂ ಮುಟ್ಟುವ ತನಕ, ಇದ್ದ ಹಾಗೇ ಇರುತ್ತದೆ. ಭಾನುವಾರ ಬಂತೆಂದರೆ ಬನೀನು ತೊಟ್ಟು, ಪಾನಾ ಹಿಡಿದು, ನಾಲ್ಕೂ ಪ್ಲಗ್ಗು ಬಿಚ್ಚಿ, ತುದಿಯ ಬಣ್ಣ ಕಂದೋ ಕಪ್ಪೋ ಎಂದು ಕನ್ನಡಕ ಏರಿಸಿ ನೋಡಿ, ಉಜ್ಜಿ, ಊದಿ, ಮರಳಿ ಕೂರಿಸುವ ಮಹಾನುಭಾವರೇ ಕೊನೆಯಲ್ಲಿ "ಯಾವುದಕ್ಕೂ ಇನ್ನರ್ಧ ಸುತ್ತು ಇರಲಿ" ಎಂದು ಕೈಗೆ ಬಲ ಕೊಡುವವರು.

ಪ್ಲಗ್ಗು ಉಕ್ಕಿನದು. ಅದು ಕೂರುವ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಬೀಟಲ್ ಪ್ಲಗ್ಗಿನ ಅಡ್ಡಳತೆ 14 ಮಿಲಿಮೀಟರ್, ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್, ಥ್ರೆಡ್ ಇರುವ ಉದ್ದ ಅರ್ಧ ಇಂಚು. ಭಾಗಿಸಿ ನೋಡಿದರೆ ಸುಮಾರು ಹತ್ತು ಸುತ್ತು. ಎಂಜಿನ್ನು ನಿಮಿಷಕ್ಕೆ 3,000 ಸಲ ತಿರುಗುತ್ತಿರುವಾಗ ಪ್ರತಿ ಸಿಲಿಂಡರಿನೊಳಗೂ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತಿ ಪ್ಲಗ್ಗನ್ನು ಹೊರಕ್ಕೆ ದಬ್ಬುತ್ತದೆ. ಅಷ್ಟನ್ನೂ ತಡೆದು ನಿಲ್ಲಬೇಕಾದದ್ದು ಈ ಹತ್ತು ಸುತ್ತು ಮೆದು ಲೋಹ. ಅದು ತಡೆಯುತ್ತದೆ ಕೂಡ, ದಶಕಗಟ್ಟಲೆ. ತಡೆಯಲಾರದ್ದು ಯಜಮಾನರ ಮಣಿಕಟ್ಟನ್ನು.

ಬಿಗಿಯಬೇಕಾದದ್ದು ಸುಮಾರು 30 ನ್ಯೂಟನ್ ಮೀಟರ್. ಅಂದರೆ ಒಂದು ಗೇಣುದ್ದದ ಪಾನಾದ ತುದಿಯನ್ನು ಹದಿನೈದು ಕೆ.ಜಿ. ತೂಕದಷ್ಟು ಎಳೆದರೆ ಸಾಕು. ಟಾರ್ಕ್ ರೆಂಚು ಇಲ್ಲದವರಿಗೂ ದಾರಿಯಿದೆ: ಹೊಸ ಪ್ಲಗ್ಗಾದರೆ ಬೆರಳಲ್ಲಿ ಪೂರ್ತಿ ತಿರುಗಿಸಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು ಅಥವಾ ಚೂರು ಜಾಸ್ತಿ, ವಾಷರು ಒಮ್ಮೆ ಚಪ್ಪಟೆಯಾದ ಹಳೆಯ ಪ್ಲಗ್ಗಾದರೆ ಕಾಲು ಸುತ್ತಿಗೂ ಕಮ್ಮಿ. ಆದರೆ ಈ ದೇಶದ ಗ್ಯಾರೇಜುಗಳಲ್ಲಿ 'ಟೈಟು' ಎಂಬುದಕ್ಕೆ ಅಳತೆಯಿಲ್ಲ, ಮರ್ಯಾದೆಯಿದೆ. ಸಡಿಲ ಬಿಟ್ಟವನು ಬೇಜವಾಬ್ದಾರಿ ಮನುಷ್ಯ. ಬಿಗಿದವನು ಕೆಲಸ ಬಲ್ಲವನು. ಹೀಗೆ ಮರ್ಯಾದೆ ಉಳಿಸಿಕೊಳ್ಳಲು ಹೋದ ಕೈಗೆ ಒಂದು ಕ್ಷಣ ವಿಚಿತ್ರ ಅನುಭವವಾಗುತ್ತದೆ. ಅಲ್ಲಿಯವರೆಗೆ ಏರುತ್ತಾ ಬಂದ ಬಿಗಿ ಇದ್ದಕ್ಕಿದ್ದಂತೆ ಇಳಿಯುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಪಾನಾ ಬಲು ಸಲೀಸಾಗಿ, ಸಂಕೋಚವೇ ಇಲ್ಲದೆ ತಿರುಗುತ್ತಾ ಹೋಗುತ್ತದೆ. ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಬೀಟಲ್‌ನಲ್ಲಿ ಇದಕ್ಕೆ ಅವಕಾಶ ಧಾರಾಳ. ಯುದ್ಧದಲ್ಲಿ ಹಾಳಾದ, ಬೀಟಲ್ ತಯಾರಿಸುವ ಫೋಕ್ಸ್‌ವ್ಯಾಗನ್ ಕಂಪನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆಯನ್ನು 1945ರಲ್ಲಿ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಮತ್ತೆ ಚಾಲೂ ಮಾಡಿಸಿದ. 1972ರ ಫೆಬ್ರವರಿಯಲ್ಲಿ ಈ ಕಾರು, ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರೆಂಬ ಫೋರ್ಡ್ ಮಾಡೆಲ್ ಟಿ ದಾಖಲೆಯನ್ನು ಮುರಿಯಿತು. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯ ಗಾಡಿ ಹೊರಬರುವ ಹೊತ್ತಿಗೆ ಒಟ್ಟು 2,15,29,464 ಬೀಟಲ್‌ಗಳು ತಯಾರಾಗಿದ್ದವು. ಕಾರಿಗೆ ನಾಲ್ಕು ಪ್ಲಗ್ಗಿನಂತೆ ಎಂಟು ಕೋಟಿ ಅರವತ್ತೊಂದು ಲಕ್ಷ ತೂತು. ಒಂದೊಂದಕ್ಕೂ ಒಬ್ಬೊಬ್ಬ 'ಕೆಲಸ ಬಲ್ಲವನು' ಸಿಗುವುದು ಕಷ್ಟವೇನಲ್ಲ.

ಇವುಗಳಲ್ಲಿ ಮೂರನೆಯ ಸಿಲಿಂಡರಿನ ತೂತಿನ ಜಾತಕ ವಿಶೇಷವಾದದ್ದು. ಬೀಟಲ್‌ಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಹಿಂಬದಿಯಲ್ಲಿ ಮಲಗಿದ ಎಂಜಿನ್ನಿನ ಮೇಲೆ ತಗಡಿನ ಮುಸುಕು ಹಾಕಿ ಫ್ಯಾನಿನಿಂದ ಗಾಳಿ ಊದಿಸುತ್ತಾರೆ. 1970ರ ದಶಕದ ಹೊಸ್ತಿಲವರೆಗೂ ಆಯಿಲ್ ಕೂಲರು ಇದೇ ಮುಸುಕಿನೊಳಗೆ ನಿಂತು, ಮೂರನೇ ಸಿಲಿಂಡರಿಗೆ ಹೋಗಬೇಕಾದ ಗಾಳಿಗೆ ಅಡ್ಡ ಬರುತ್ತಿತ್ತು. ಎಣ್ಣೆ ತಣ್ಣಗಾಯಿತು, ಸಿಲಿಂಡರು ಬಿಸಿಯಾಯಿತು. ಕಂಪನಿ ಇದಕ್ಕೆ ಮಾಡಿದ ಒಂದು ಉಪಾಯವೆಂದರೆ ಡಿಸ್ಟ್ರಿಬ್ಯೂಟರಿನಲ್ಲಿ ಮೂರನೆಯದಕ್ಕೆ ಮಾತ್ರ ಕಿಡಿ ತುಸು ತಡವಾಗಿ ಬೀಳುವಂತೆ ಇಟ್ಟದ್ದು. ಮುಂದೆ ಕೂಲರನ್ನೇ ಹೊರಗಿನ ಡಬ್ಬಿಗೆ ಸ್ಥಳಾಂತರಿಸಿದರು. ಅತಿ ಬಿಸಿಯ ಈ ಸಿಲಿಂಡರಿನ ಪ್ಲಗ್ಗೇ ಕಾರಿನ ಮುಂಭಾಗದ ಕಡೆಗೆ, ತಗಡಿನ ಸಂದಿಯಲ್ಲಿ, ಕಣ್ಣಿಗೆ ಕಾಣದಂತೆ ಕೂತಿದೆ. ಕೈ ಹೋದರೆ ಕಣ್ಣು ಹೋಗದು, ಕಣ್ಣು ಹೋದರೆ ಕೈ ಹೋಗದು. ಗೊತ್ತಿದ್ದವರು ಬರಿಗೈಯಲ್ಲಿ ಮುಟ್ಟಿ ನೋಡಿ ಕೂರಿಸುತ್ತಾರೆ. ಗೊತ್ತಿಲ್ಲದವರು ಪಾನಾದಲ್ಲೇ ಶುರುಮಾಡುತ್ತಾರೆ, ಪ್ಲಗ್ಗು ವಾರೆಯಾಗಿ ಹೊಕ್ಕು ಹಳೆಯ ಥ್ರೆಡ್ಡಿಗೆ ಅಡ್ಡವಾಗಿ ತನ್ನದೇ ಹೊಸ ಹಾದಿ ಕೊರೆದುಕೊಳ್ಳುತ್ತದೆ.

ಬಿಸಿ ಎಂಜಿನ್ನಿನಲ್ಲಿ ಪ್ಲಗ್ಗು ಬದಲಿಸುವ ಅವಸರಗಾರರು ಬೇರೆ ಇದ್ದಾರೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಕಾದಾಗ ಬಿಗಿದ ಪ್ಲಗ್ಗನ್ನು ತಣ್ಣಗಾದ ಹೆಡ್ಡು ಅಪ್ಪಿ ಹಿಡಿಯುತ್ತದೆ. ಮುಂದಿನ ಸಲ ಬಿಚ್ಚುವಾಗ ಪ್ಲಗ್ಗಿನ ಹಿಂದೆಯೇ ಹೆಡ್ಡಿನ ಥ್ರೆಡ್ಡೂ ಬೆಳ್ಳಗೆ ಸುರುಳಿಯಾಗಿ ಬಂದುಬಿಡುತ್ತದೆ.

ಆಮೇಲಿನದು ನಿರಾಕರಣೆಯ ಹಂತ. "ಏನೂ ಆಗಿಲ್ಲ, ಕೂತಿದೆ." ಕಾರು ಹೊರಡುತ್ತದೆ. ಮೊದಮೊದಲು ಹಿಂದಿನಿಂದ 'ಚಫ್ ಚಫ್' ಎಂದು ಸಣ್ಣ ಸದ್ದು. ಉಳಿದ ಒಂದೆರಡು ಸುತ್ತನ್ನೂ ಬಿಸಿ ಅನಿಲ ಕೊರೆಯತೊಡಗಿದೆ. ಒಂದು ದಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ 'ಠಪ್' ಎಂದು ಪ್ಲಗ್ಗು ಎಗರಿ ತಗಡಿಗೆ ಬಡಿದು, ವೈರಿನ ತುದಿಯಲ್ಲಿ ಜೋತಾಡುತ್ತದೆ. ಬೀಟಲ್‌ನ ದೊಡ್ಡ ಗುಣವೆಂದರೆ ಅಷ್ಟಾದರೂ ಮೂರು ಸಿಲಿಂಡರಿನಲ್ಲಿ ಮನೆ ಮುಟ್ಟಿಸಲು ಹೆಣಗುತ್ತದೆ. ಬೀದಿಯವರಿಗಷ್ಟೇ ಗಾಬರಿ.

ಹಾಗೆಂದು ಇದು ಹಳೆಯ ಗಾಳಿ ಎಂಜಿನ್ನುಗಳ ಖಾಸಗಿ ಕಾಯಿಲೆಯಲ್ಲ. ನೀರಿನಲ್ಲಿ ತಂಪಾಗುವ ಅಮೆರಿಕದ ಫೋರ್ಡ್ ಟ್ರೈಟನ್ ವಿ8 ಎಂಜಿನ್ನುಗಳ ಪ್ಲಗ್ಗಿನ ತೂತಿನಲ್ಲಿ ಕೆಲ ವರ್ಷ ನಾಲ್ಕೇ ಸುತ್ತಿನಷ್ಟು ಥ್ರೆಡ್ ಇತ್ತು. ಯಜಮಾನರ ಸಹಾಯವೇ ಬೇಕಾಗದೆ ಅವು ಪ್ಲಗ್ಗು ಉಗುಳಿ ಹೆಸರು ಮಾಡಿದವು.

ಬೆಂಗಳೂರಿನ ಬೀಟಲ್‌ಗಳ ವಿಷಯಕ್ಕೆ ಬಂದರೆ, ಇಂಡಿಯಾದಲ್ಲಿ ಈ ಕಾರು ಎಂದೂ ತಯಾರಾಗಲಿಲ್ಲ. ಇಲ್ಲಿರುವುದೆಲ್ಲ ಹೊರಗಿನಿಂದ ಬಂದದ್ದು, ಬಿಡಿಭಾಗಕ್ಕೆ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ವಿಚಾರಿಸುತ್ತಾ, ಹೊರದೇಶದ ನೆಂಟರ ಸೂಟ್‌ಕೇಸಿನಲ್ಲಿ ಜಾಗ ಬೇಡುತ್ತಾ ಬದುಕಿದ್ದು. ಇಂಥ ಕಾರಿನ ಥ್ರೆಡ್ಡು ಹೋಯಿತೆಂದರೆ ಸಲಹೆಗೆ ಬರವಿಲ್ಲ. ಒಬ್ಬ ಪ್ಲಗ್ಗಿಗೆ ಟೆಫ್ಲಾನ್ ಟೇಪು ಸುತ್ತು ಎನ್ನುತ್ತಾನೆ, ನಲ್ಲಿ ರಿಪೇರಿಯ ಅನುಭವದಿಂದ. ಇನ್ನೊಬ್ಬ ಎರಡು ಟ್ಯೂಬಿನ ಅಂಟನ್ನು ಕಲಸಿ ಮೆತ್ತು ಎನ್ನುತ್ತಾನೆ. ಉರಿಯುವ ಪೆಟ್ರೋಲಿನ ಪಕ್ಕದಲ್ಲಿ ಆ ಅಂಟಿನ ಆಯುಸ್ಸು ಮೊದಲ ತಿರುವಿನ ತನಕ. ನಿಜವಾದ ಮೇಸ್ತ್ರಿ ಮಾತ್ರ ಟಾರ್ಚು ಬಿಟ್ಟು ನೋಡಿ, ತಲೆ ಎತ್ತದೆ, "ಬುಷ್ ಹೊಡೀಬೇಕು ಸಾರ್" ಎನ್ನುತ್ತಾನೆ.

"ಎಂಜಿನ್ ಇಳಿಸಬೇಕೇನಪ್ಪಾ?"

"ಇಳಿಸಿದ್ರೆ ಒಳ್ಳೇದು. ಇಳಿಸ್ದೇನೂ ಆಗುತ್ತೆ. ದೇವರಿದ್ದಾನೆ."

ದೇವರನ್ನು ಕರೆದದ್ದಕ್ಕೆ ಕಾರಣವಿದೆ. ಬೀಟಲ್‌ನ ಎಂಜಿನ್ನು ನಾಲ್ಕೇ ದೊಡ್ಡ ಬೋಲ್ಟುಗಳಲ್ಲಿ ನಿಂತಿದೆ, ಇಳಿಸುವುದು ಬೇರೆ ಕಾರುಗಳಷ್ಟು ಕಷ್ಟವಲ್ಲ. ಹೆಡ್ಡು ಬಿಚ್ಚಿ ಮೇಜಿನ ಮೇಲಿಟ್ಟರೆ ತೂತು ನೇರ ಕೊರೆಯಬಹುದು, ಚೂರು ಬಿದ್ದರೆ ಒರೆಸಿ ತೆಗೆಯಬಹುದು. ಆದರೆ ಹೆಡ್ಡು ಬಿಚ್ಚಿದವನು ಪಿಸ್ಟನ್ ನೋಡುತ್ತಾನೆ, ಪಿಸ್ಟನ್ ನೋಡಿದವನು ರಿಂಗು ನೋಡುತ್ತಾನೆ, ಹತ್ತು ಸುತ್ತು ಥ್ರೆಡ್ಡಿಗೆಂದು ಹೋದವನು ಇಡೀ ಎಂಜಿನ್ನಿನ ಬಿಲ್ಲು ಹಿಡಿದು ಬರುತ್ತಾನೆ. ಹಾಗಾಗಿ ಬಹುಪಾಲು ಯಜಮಾನರು ಇದ್ದಲ್ಲೇ ಕೊರೆಯುವ ಪಕ್ಷದವರು. ತೂತು ಇರುವುದು ಹೆಡ್ಡಿನ ಮೇಲ್ಮೈಯಲ್ಲಿ. ಕೊರೆದ ಪುಡಿ ಬೀಳುವುದು ನೇರ ಸಿಲಿಂಡರಿನೊಳಕ್ಕೆ.

ಈ ಕೆಲಸಕ್ಕೆಂದೇ ಬರುವ, ಟ್ಯಾಪ್ ಎಂಬ ಥ್ರೆಡ್ ಕೊಯ್ಯುವ ಉಪಕರಣದ ಮೂತಿ ಸಣ್ಣದು, ಹಿಂದಿನ ಭಾಗ ದಪ್ಪ. ಮೂತಿ ಹಳೆಯ ಥ್ರೆಡ್ಡಿನ ಅವಶೇಷವನ್ನು ಹಿಡಿದು ದಾರಿ ತೋರಿಸುತ್ತದೆ, ಹಿಂದಿನದು ದೊಡ್ಡ ಅಳತೆಯ ಹೊಸ ಥ್ರೆಡ್ ಕೊಯ್ಯುತ್ತದೆ. ಟ್ಯಾಪಿನ ಗೀರುಗಳಿಗೆ ದಪ್ಪಗೆ ಗ್ರೀಸು ತುಂಬುತ್ತಾರೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಸ್ವಲ್ಪ ಹೋದ ಮೇಲೆ ಪೂರ್ತಿ ಹೊರತೆಗೆದು ನೋಡಿದರೆ, ಬೇಸನ್ ಲಾಡುವಿಗೆ ಅಂಟಿಸಿದ ಬೆಳ್ಳಿ ರೇಕಿನ ಹಾಗೆ ಗ್ರೀಸಿನ ಮೈತುಂಬ ಅಲ್ಯೂಮಿನಿಯಂ ಹೊಳೆಯುತ್ತಿರುತ್ತದೆ. ಒರೆಸಿ, ಮತ್ತೆ ಗ್ರೀಸು ತುಂಬಿ, ಮತ್ತೆ ಒಳಕ್ಕೆ. ಮೇಸ್ತ್ರಿ ಮಾತಾಡುವುದಿಲ್ಲ. ಯಜಮಾನರು ಮಾತ್ರ "ನೇರ ಹೋಗ್ತಿದೆಯಾ?" ಎಂದು ಕೇಳುತ್ತಲೇ ಇರುತ್ತಾರೆ. ಕೊನೆಗೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸಣ್ಣ ರಬ್ಬರ್ ಕೊಳವೆ ಕಟ್ಟಿ ಸಿಲಿಂಡರಿನೊಳಗೆ ಇಳಿಬಿಟ್ಟು ಉಳಿದದ್ದನ್ನು ಎಳೆಯಬೇಕು. ಇದು ಅಡುಗೆಮನೆಯ ಪಕ್ಕದ ಕಪಾಟಿನಿಂದ ಗುಟ್ಟಾಗಿ ಬಂದ ವ್ಯಾಕ್ಯೂಮ್ ಕ್ಲೀನರ್ ಆಗಿರುವುದರಿಂದ ಈ ಹಂತ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಈಗ ತೂತಿಗೆ ಒಳಗವಸು ತೊಡಿಸಬೇಕು. ಹೆಲಿಕಾಯಿಲ್ ಎಂಬುದು ವಜ್ರಾಕೃತಿಯ ಅಡ್ಡಕೊಯ್ತದ ಸ್ಟೇನ್‌ಲೆಸ್ ತಂತಿಯ ಸುರುಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಅಲ್ಯೂಮಿನಿಯಂ ಭಾಗಗಳಿಗೆ ಹಾಕಿ ಹೆಸರಾದದ್ದು. ಹೊರಮೈ ಹೆಡ್ಡನ್ನು ಹಿಡಿಯುತ್ತದೆ, ಒಳಮೈ ಪ್ಲಗ್ಗನ್ನು. ಟೈಮ್‌ಸರ್ಟ್ ಎಂಬುದು ಇಡಿಯಾದ ಉಕ್ಕಿನ ಬುಷ್ಷು. ಅದರ ಕೆಳತುದಿಯ ಕೆಲವು ಥ್ರೆಡ್ಡುಗಳನ್ನು ಬೇಕೆಂದೇ ಅರೆಬರೆ ಬಿಟ್ಟಿರುತ್ತಾರೆ. ಕೂರಿಸುವ ಉಪಕರಣ ಅಲ್ಲಿಗೆ ಮುಟ್ಟಿದಾಗ ಬುಷ್ಷಿನ ಬುಡ ಹಿಗ್ಗಿ ಹೆಡ್ಡಿಗೆ ಕಚ್ಚಿಕೊಳ್ಳುತ್ತದೆ. ಬುದ್ಧಿವಂತಿಕೆ ಎಂದರೆ ಇದು. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ. ಯಾವುದು ಮೇಲು ಎಂದು ಬೀಟಲ್‌ನವರ ಮುಂದೆ ಕೇಳಬಾರದು, ಊಟ ಆರಿಹೋಗುತ್ತದೆ. ಬುಷ್ ಹಾಕಿಸಿದ್ದಕ್ಕೆ ನಾಚುವವರಿಗೆ ಒಂದು ಸಮಾಧಾನ: ಮೆಗ್ನೀಸಿಯಂ ಕ್ರ್ಯಾಂಕ್‌ಕೇಸಿನ ಸ್ಟಡ್ಡುಗಳು ಕಿತ್ತುಬರುವುದನ್ನು ಕಂಡು ಫೋಕ್ಸ್‌ವ್ಯಾಗನ್ ಕಂಪನಿಯೇ ನಂತರದ ಎಂಜಿನ್ನುಗಳಿಗೆ ಕಾರ್ಖಾನೆಯಲ್ಲೇ ಉಕ್ಕಿನ ಬುಷ್ ಹಾಕಿ ಕಳಿಸತೊಡಗಿತು.

ಬೀಟಲ್‌ನವರಿಗೆ ಒಂದು ಧರ್ಮಗ್ರಂಥವೂ ಇದೆ. ಲಾಕ್‌ಹೀಡ್ ವಿಮಾನ ಕಂಪನಿಯ ಕೆಲಸ ಬಿಟ್ಟು ನ್ಯೂ ಮೆಕ್ಸಿಕೋಗೆ ಹೋಗಿ ನೆಲೆಸಿದ ಎಂಜಿನಿಯರ್ ಜಾನ್ ಮ್ಯೂರ್ 1969ರಲ್ಲಿ ಹೊರತಂದ ರಿಪೇರಿ ಕೈಪಿಡಿ. ಅದು ಶುದ್ಧ ಪೆದ್ದರಿಗಾಗಿ ಬರೆದದ್ದೆಂದು ಮುಖಪುಟದಲ್ಲೇ ಅಚ್ಚಾಗಿದೆ. ಪೀಟರ್ ಆಶ್ವಾಂಡೆನ್ ಎಂಜಿನ್ನಿನ ಕರುಳನ್ನೆಲ್ಲ ಬಿಚ್ಚಿಟ್ಟು ಬಿಡಿಸಿದ ಚಿತ್ರಗಳ ಆ ಪುಸ್ತಕ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಪೆದ್ದರೆಂದು ಒಪ್ಪಿಕೊಂಡು ದುಡ್ಡು ಕೊಡುವವರು ಅಷ್ಟೊಂದು ಜನ ಸಿಕ್ಕಿದ್ದು ವಾಹನ ಲೋಕದ ಸೌಭಾಗ್ಯ. ಪಾನಾ ಹಿಡಿದ ಉಳಿದವರು ತಾವು ಬಲ್ಲವರೆಂದೇ ಹಟ ಹಿಡಿಯುತ್ತಾರೆ.

ಹೊಸ ಬುಷ್ಷಿಗೆ ಪ್ಲಗ್ಗು ಹಾಕುವಾಗ ಯಜಮಾನರು ಬೇರೆ ಮನುಷ್ಯರಾಗಿರುತ್ತಾರೆ. ಪ್ಲಗ್ಗಿನ ಪಿಂಗಾಣಿ ತಲೆಗೆ ಒಂದು ತುಂಡು ಪೆಟ್ರೋಲ್ ಪೈಪು ಸಿಕ್ಕಿಸಿ, ಅದನ್ನೇ ಎರಡು ಬೆರಳಲ್ಲಿ ತಿರುಗಿಸುತ್ತಾರೆ. ಪ್ಲಗ್ಗು ವಾರೆಯಾದರೆ ಥ್ರೆಡ್ಡಿಗೆ ಪೆಟ್ಟಾಗುವ ಮೊದಲೇ ರಬ್ಬರು ಜಾರುತ್ತದೆ. ಮೊದಲು ಹಿಮ್ಮುಖವಾಗಿ ತಿರುಗಿಸಿ, 'ಟಕ್' ಎಂದು ಥ್ರೆಡ್ಡಿಗೆ ಥ್ರೆಡ್ಡು ಬಿದ್ದದ್ದು ಬೆರಳಿಗೆ ತಿಳಿದ ಮೇಲೆಯೇ ಮುಂದಕ್ಕೆ. ಥ್ರೆಡ್ಡಿಗೆ ತಾಮ್ರದ ಪೇಸ್ಟು ಹಚ್ಚಬೇಕೋ ಬೇಡವೋ ಎಂಬುದು ಮಾತ್ರ ಇತ್ಯರ್ಥವಾಗದ ವ್ಯಾಜ್ಯ. ಹಚ್ಚಿದರೆ ಪ್ಲಗ್ಗು ಕಚ್ಚಿಕೊಳ್ಳುವುದಿಲ್ಲ ಎಂದು ಹಳಬರು. ತಮ್ಮ ಪ್ಲಗ್ಗಿಗೆ ಲೇಪನ ಇದ್ದೇ ಇದೆ, ಜಿಡ್ಡು ಹಚ್ಚಿದರೆ ಅದೇ ಟಾರ್ಕಿಗೆ ಹೆಚ್ಚು ಬಿಗಿಯಾಗಿ ಥ್ರೆಡ್ಡು ಹಿಗ್ಗುತ್ತದೆ ಎಂದು ಪ್ಲಗ್ ತಯಾರಿಸುವ ಎನ್‌ಜಿಕೆ. ಯಜಮಾನರು ಇಬ್ಬರಿಗೂ ಬೇಸರವಾಗದಂತೆ ಉಗುರಿನ ತುದಿಯಷ್ಟು ಹಚ್ಚುತ್ತಾರೆ.

ಇಷ್ಟಾದ ಮೇಲೂ ಸರಿಯಾಗಿ ಕೂರದ ಸುರುಳಿ ಮುಂದೊಂದು ದಿನ ಪ್ಲಗ್ಗನ್ನೇ ತಬ್ಬಿಕೊಂಡು ಹೊರಗೆ ಬರುವುದುಂಟು. ಅದಕ್ಕೂ ಮದ್ದಿದೆ. ಟೈಮ್‌ಸರ್ಟ್ ಮಾಡುವವರೇ, ತಮ್ಮ ಬುಷ್ಷು ಕೂತ ತೂತೂ ಕೆಟ್ಟರೆ ಇರಲಿ ಎಂದು ಬಿಗ್‌ಸರ್ಟ್ ಎಂಬ ಇನ್ನೂ ದಪ್ಪನೆಯದನ್ನು ಮಾರುತ್ತಾರೆ. ಗಿರಾಕಿಗಳ ಕೈಬಲವನ್ನು ಇಷ್ಟು ಚೆನ್ನಾಗಿ ಅರಿತ ಕಂಪನಿ ಮತ್ತೊಂದಿರಲಾರದು. ಅದೂ ಹೋದರೆ ತೂತಿಗೆ ವೆಲ್ಡಿಂಗ್ ತುಂಬಿಸಿ ಹೊಸದಾಗಿ ಕೊರೆಯುವುದು, ಇಲ್ಲವೇ ಹೊಸ ಹೆಡ್ಡು ತರಿಸುವುದು. ಬೀಟಲ್ ತಯಾರಿಕೆ ನಿಂತು ಇಪ್ಪತ್ತು ವರ್ಷ ಕಳೆದರೂ ಹೆಡ್ಡುಗಳು ಇನ್ನೂ ತಯಾರಾಗುತ್ತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಬೇಕಾದದ್ದು ಮುಕ್ಕಾಲು ಇಂಚು ಉದ್ದದ ಪ್ಲಗ್ಗು. ಯಜಮಾನರು ಮುಂದೆ ಸಿಗುತ್ತದೋ ಇಲ್ಲವೋ ಎಂದು ವರ್ಷಗಳಿಂದ ಹುಡುಕಿ ಹುಡುಕಿ ಬೀರುವಿನಲ್ಲಿ ಕೂಡಿಟ್ಟಿರುವ ಡಜನ್‌ಗಟ್ಟಲೆ ಪ್ಲಗ್ಗುಗಳೆಲ್ಲ ಅರ್ಧ ಇಂಚಿನವು.