ತವರಿನ ಸೊಳ್ಳೆಗೆ ತಾಂಬೂಲ

ನಮ್ಮೂರ ಗುಡ್ಡದ ಮೈಮೇಲೆ ಮನೆಯೆತ್ತರದ ಬಿಳಿ ಅಕ್ಷರಗಳಲ್ಲಿ 'ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ದಿ ಇಂಡಸ್ಟ್ರಿಯಲ್ ಸಿಟಿ' ಎಂದು 1920ರ ದಶಕದಿಂದ ಬರೆದಿದೆ. ಆಗ ಇಲ್ಲಿ ಕಸಾಯಿಖಾನೆ, ಉಕ್ಕಿನ ಕಾರ್ಖಾನೆ ಇದ್ದವು. ಆಮೇಲೆ ಜೀವತಂತ್ರಜ್ಞಾನದ ಕಂಪನಿ ಜೆನೆನ್‌ಟೆಕ್ ಬಂತು, ಅದರ ಹಿಂದೆ ಔಷಧ ಸಂಶೋಧನೆಯ ಕಂಪನಿಗಳು ಸಾಲುಗಟ್ಟಿದವು. ಕೆಲವು ವರ್ಷಗಳ ಹಿಂದೆ ಈ ಊರಲ್ಲಿ ಇನ್ನೊಂದು ಮಾಲೂ ತಯಾರಾಯಿತು. ಸೊಳ್ಳೆ.

ಹುಡುಗಾಟವಲ್ಲ. ಗೂಗಲ್ಲಿನ ದಾಯಾದಿ ಕಂಪನಿ ವೆರಿಲಿ ಇಲ್ಲಿ ಯಂತ್ರಗಳಿಂದ ಈಡಿಸ್ ಈಜಿಪ್ಟೈ ಸೊಳ್ಳೆ ಸಾಕಿತು. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹೊತ್ತು ತಿರುಗುವ ಜಾತಿ ಅದು. ಕ್ಯಾಮೆರಾ ಹಿಡಿದ ಕಂಪ್ಯೂಟರು ಹೆಣ್ಣನ್ನು ಬೇರೆ ಮಾಡಿ ಗಂಡನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಆ ಗಂಡುಗಳ ಮೈಯಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ. 2017ರಲ್ಲಿ ವಾರಕ್ಕೆ ಸುಮಾರು 10 ಲಕ್ಷದ ಲೆಕ್ಕದಲ್ಲಿ ಅವನ್ನು ಇದೇ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಬಡಾವಣೆಗಳಿಗೆ ವ್ಯಾನಿನಲ್ಲಿ ಒಯ್ದು ಬಿಟ್ಟರು. ಅಮೆರಿಕದ ವರ, ಕಚ್ಚುವ ಚಟವಿಲ್ಲ, ವ್ಯಾನಿನಲ್ಲಿ ಮನೆಬಾಗಿಲಿಗೇ ಬಂದಿಳಿಯುತ್ತಾನೆ. ಹೆಣ್ಣು ಜಾತಕವನ್ನೂ ಕೇಳದೆ ಒಪ್ಪಿಕೊಂಡಿತು. ಮೊಟ್ಟೆ ಇಟ್ಟಿತು, ವೊಲ್ಬಾಕಿಯಾದ ದೆಸೆಯಿಂದ ಒಂದೂ ಒಡೆಯಲಿಲ್ಲ. ಮರುವರ್ಷದ ಪ್ರಯೋಗದಲ್ಲಿ ಆ ಬಡಾವಣೆಗಳ ಹೆಣ್ಣು ಸೊಳ್ಳೆಗಳು ಶೇಕಡಾ 95ರಷ್ಟು ಇಳಿದವು.

ಇಷ್ಟು ದೊಡ್ಡ ವಿದ್ಯೆಯ ಪಕ್ಕದಲ್ಲೇ ಬದುಕುವ ನಾವು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರು, ಜೂನ್ ಬಂತೆಂದರೆ ಏನು ಮಾಡುತ್ತೇವೆ? ಮಕ್ಕಳ ಶಾಲೆಗೆ ರಜೆ ಕೊಟ್ಟ ವಾರವೇ ಊರಿಗೆ ಹಾರುತ್ತೇವೆ, ಆಗಸ್ಟಿನಲ್ಲಿ ಮರಳುತ್ತೇವೆ. ಕರ್ನಾಟಕದಲ್ಲಿ ಮಳೆ ಹಿಡಿದು ಡೆಂಗಿ ಏರುವುದೂ ಅದೇ ಜೂನಿನಿಂದ. ಕ್ಯಾಲಿಫೋರ್ನಿಯಾದ ಶಾಲಾ ಮಂಡಳಿಗಳೂ ಈಡಿಸ್ ಸೊಳ್ಳೆಗಳೂ ಒಟ್ಟಿಗೆ ಕೂತು ಕ್ಯಾಲೆಂಡರು ಬರೆದಂತಿದೆ.

ಹೊರಡುವ ಮುಂಚಿನ ತಯಾರಿ ನೋಡಬೇಕು. ಮಗುವಿಗೆ ಬಾಟಲಿ ನೀರೇ ಆಗಬೇಕು, ಹಲ್ಲುಜ್ಜಲೂ ಅದೇ. ಪಾನಿಪೂರಿ ಕಂಡರೆ ಕಣ್ಣು ಮುಚ್ಚಿಸಬೇಕು. ಹ್ಯಾಂಡ್ ಸ್ಯಾನಿಟೈಸರು ಅರ್ಧ ಡಜನ್, ಭೇದಿಗೆ ಮಾತ್ರೆ, ವಾಂತಿಗೆ ಮಾತ್ರೆ, ಧೂಳಿಗೆ ಮಾಸ್ಕು, ನೆಂಟರಿಗೆ ಎರಡು ಸೂಟ್‌ಕೇಸು ಬಾದಾಮಿ, ಚಾಕೊಲೇಟು. ಸೊಳ್ಳೆಗೆ? "ಏ, ನಮ್ಮೂರ ಸೊಳ್ಳೆ ಕಣ್ರೀ, ನಮಗೇನು ಮಾಡುತ್ತೆ?" ನೀರನ್ನು ನಂಬದವರು, ಗಾಳಿಯನ್ನು ನಂಬದವರು, ಬಾಲ್ಯದ ಪಾನಿಪೂರಿ ಗಾಡಿಯನ್ನೂ ಈಗ ನಂಬದವರು, ಸೊಳ್ಳೆಯೊಂದನ್ನು ಮಾತ್ರ ರಕ್ತಸಂಬಂಧಿ ಎಂದು ನಂಬಿಕೊಂಡಿದ್ದಾರೆ. ಒಂದು ರೀತಿಯಲ್ಲಿ ಅದು ನಿಜವೇ.

ಯಾರೋ ಒಬ್ಬ ಬುದ್ಧಿವಂತ ಮಗ ಸೊಳ್ಳೆ ಓಡಿಸುವ ಡೀಟ್ ಇರುವ ಮುಲಾಮು ಒಯ್ದನೆನ್ನಿ. ಬೆಳಗಿನ ಕಾಫಿಯ ಹೊತ್ತಿಗೆ ಮಗುವಿನ ಕೈಕಾಲಿಗೆ ಹಚ್ಚಲು ಕೂತ ತಕ್ಷಣ ಅಡುಗೆಮನೆಯಿಂದ ತೀರ್ಪು ಬರುತ್ತದೆ. "ಅದೇನೋ ಅದು, ಕೂಸಿನ ಮೈಗೆಲ್ಲ ವಿಷ ಬಳೀತಿದೀಯ? ರಾತ್ರಿ ಹೇಗೂ ಸೊಳ್ಳೆಪರದೆ ಕಟ್ತೀವಿ. ನೀವೆಲ್ಲ ಇಲ್ಲೇ ಬೆಳೆದು ದೊಡ್ಡವರಾಗಲಿಲ್ವಾ?" ಮುಲಾಮು ಸೂಟ್‌ಕೇಸಿಗೆ ವಾಪಸ್ಸು. ಅಮ್ಮನ ಮುಂದೆ ಅಮೆರಿಕದ ವಿಜ್ಞಾನ ಎಷ್ಟು ಹೊತ್ತು ನಿಂತೀತು? ರಾತ್ರಿಯ ಪರದೆ ಒಳ್ಳೆಯದೇ, ಮಲೇರಿಯಾದ ಅನಾಫಿಲಿಸ್ ರಾತ್ರಿಯೇ ಕಚ್ಚುವುದು. ಆದರೆ ಈಡಿಸ್ ಹಗಲಿನ ಪಾಳಿಯದು. ಬೆಳಿಗ್ಗೆ ಪೇಪರು ಓದುವಾಗ, ಸಂಜೆ ಕಟ್ಟೆಯ ಮೇಲೆ ಹರಟುವಾಗ ಅದು ಡ್ಯೂಟಿಗೆ ಬರುತ್ತದೆ. ಚರಂಡಿಯಲ್ಲಲ್ಲ, ನಾವು ಹೆಮ್ಮೆಯಿಂದ ಕೂಡಿಟ್ಟ ಸ್ವಚ್ಛ ನೀರಲ್ಲಿ ಹುಟ್ಟುತ್ತದೆ: ಮುಚ್ಚಳ ಸರಿಯಿಲ್ಲದ ಸಂಪು, ತಾರಸಿಯ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ.

"ನನಗೆ ಕಾಲೇಜಲ್ಲೇ ಡೆಂಗಿ ಬಂದು ಹೋಗಿದೆ, ಇನ್ನು ಭಯವಿಲ್ಲ" ಎನ್ನುವ ವೀರರು ಇನ್ನೊಂದು ಬಗೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಂದು ಹೋದವರಿಗೆ ಎರಡನೇ ಸಲ ಬೇರೆ ಬಗೆಯದು ಬಂದರೆ ತೀವ್ರ ಸ್ವರೂಪ ತಾಳುವ ಅಪಾಯವೇ ಹೆಚ್ಚು. ಭಯ ಶುರುವಾಗಬೇಕಾದ ಜಾಗದಲ್ಲಿ ಇವರು ಧೈರ್ಯ ಶುರುಮಾಡುತ್ತಾರೆ. ಮಲೇರಿಯಾದ ಕಥೆಯೂ ಹೀಗೇ. ಪದೇ ಪದೇ ಸೋಂಕು ತಗಲುತ್ತಿದ್ದ ಊರಲ್ಲಿ ಬೆಳೆದವರಿಗೆ ಒಂದಿಷ್ಟು ನಿರೋಧಕ ಶಕ್ತಿ ಇದ್ದರೂ ಅದು ಗ್ರೀನ್ ಕಾರ್ಡಿನಂತೆ ಕೈಯಲ್ಲಿ ಉಳಿಯುವುದಿಲ್ಲ, ಊರು ಬಿಟ್ಟ ಮೇಲೆ ಕರಗುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 2,000 ಜನರಲ್ಲಿ ಮಲೇರಿಯಾ ಪತ್ತೆಯಾಗುತ್ತದೆ. ಹೆಚ್ಚುಕಡಿಮೆ ಎಲ್ಲವೂ ಹೊರದೇಶದಿಂದ ತಂದದ್ದು, ಅದರಲ್ಲಿ ದೊಡ್ಡ ಪಾಲು ನೆಂಟರಿಷ್ಟರನ್ನು ನೋಡಲು ತವರಿಗೆ ಹೋಗಿ ಬಂದವರದು. ಹಂಪಿ ನೋಡಲು ಹೊರಟ ಬಿಳಿಯ ಪ್ರವಾಸಿ ಡಾಕ್ಟರ ಬಳಿ ಹೋಗಿ ಮಾತ್ರೆ ಬರೆಸಿಕೊಳ್ಳುತ್ತಾನೆ. ಹಂಪಿ ಪಕ್ಕದ ಹೊಸಪೇಟೆಯಲ್ಲಿ ಹುಟ್ಟಿದವನು ನಕ್ಕು, ಇನ್ನೊಂದು ಡಬ್ಬ ಬಾದಾಮಿ ತುರುಕುತ್ತಾನೆ.

ಸೊಳ್ಳೆಯ ಬಗೆಗಿನ ಈ ಉದಾಸೀನದಲ್ಲಿ ಹೊಸದೇನೂ ಇಲ್ಲ. 1883ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ರೊನಾಲ್ಡ್ ರಾಸ್ ಎಂಬ ತರುಣ ಡಾಕ್ಟರು ಬಂದ. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯಾಚೆ ಇದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಕುಣಿಯುವುದನ್ನು ಕಂಡು ಅದನ್ನು ಮಗುಚಿದ, ಸೊಳ್ಳೆ ಕಾಟ ಇಳಿಯಿತು. ಉಳಿದ ತೊಟ್ಟಿಗಳನ್ನೂ ಹೀಗೇ ಖಾಲಿ ಮಾಡೋಣವೇ ಎಂದು ದಂಡಿನ ಅಧಿಕಾರಿಯನ್ನು ಕೇಳಿದ. ದೇವರು ಸೊಳ್ಳೆಯನ್ನು ಸೃಷ್ಟಿಸಿದ್ದಕ್ಕೆ ಏನೋ ಉದ್ದೇಶವಿರಬೇಕು, ಸಹಿಸಿಕೊಳ್ಳುವುದೇ ಧರ್ಮ ಎಂಬ ಅರ್ಥದ ಉತ್ತರ ಬಂತೆಂದು ರಾಸ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ಹಿಡಿದು, 1902ರಲ್ಲಿ ನೊಬೆಲ್ ಪಡೆದ. ಆ ಅಧಿಕಾರಿಯ ವಂಶ ಮಾತ್ರ ಬೆಂಗಳೂರಲ್ಲಿ ಇಂದಿಗೂ ಸಮೃದ್ಧವಾಗಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಸುವ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಎಂದಿತು. ಪೀಪಾಯಿ ಮಗುಚಲು 141 ವರ್ಷವಾದ ಮೇಲೂ ದಂಡದ ರಸೀದಿ ಬೇಕಾಯಿತು.

ಹಾಗಂತ ಇಲ್ಲಿ ಕೂತವರು ಮೀಸೆ ತಿರುವಬೇಕಿಲ್ಲ. ಇದೇ ಈಡಿಸ್ ಈಜಿಪ್ಟೈ 2013ರಲ್ಲಿ ನಮ್ಮದೇ ಸ್ಯಾನ್ ಮಟೇಯೋ ಕೌಂಟಿಯ ಮೆನ್ಲೋ ಪಾರ್ಕಿನಲ್ಲಿ ಸಿಕ್ಕಿತು. ಕೌಂಟಿಯ ಸೊಳ್ಳೆ ಇಲಾಖೆಯವರು ಮನೆಮನೆ ಹಿತ್ತಿಲು ಹೊಕ್ಕು, ನಿಂತ ನೀರು ಚೆಲ್ಲಿಸಿ, ಬೆನ್ನುಹತ್ತಿ ಓಡಿಸಿದರು. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗಕ್ಕೆ ಆ ಅದೃಷ್ಟವಿರಲಿಲ್ಲ. 2023ರಲ್ಲಿ ಪಾಸಡೀನಾದಲ್ಲಿ, ಎಲ್ಲಿಗೂ ಪ್ರಯಾಣ ಮಾಡದವರಿಗೇ ಡೆಂಗಿ ಬಂತು. ವೈರಸ್ಸಿಗೆ ವೀಸಾ ಇಂಟರ್‌ವ್ಯೂ ಇಲ್ಲ, ಯಾರದೋ ರಕ್ತದಲ್ಲಿ ಬಂದಿಳಿದರೆ ಸಾಕು.

ಊರಲ್ಲಿ ಜ್ವರ ಬಂದರಂತೂ ನೆಂಟರೆಲ್ಲ ಎಂ.ಡಿ. ಪಪ್ಪಾಯಿ ಎಲೆಯ ರಸ ಒಬ್ಬರು ತರುತ್ತಾರೆ, ಕಿವಿ ಹಣ್ಣು ಇನ್ನೊಬ್ಬರು. ಗಂಟೆಗೊಮ್ಮೆ ಪ್ಲೇಟ್‌ಲೆಟ್ ಸ್ಕೋರು ಕ್ರಿಕೆಟ್ಟಿನಂತೆ ವಾಟ್ಸಾಪಿನಲ್ಲಿ ಹರಿಯುತ್ತದೆ. ತಾಂಬೂಲ ಕೊಟ್ಟು ಕಳಿಸುವಾಗ ಸೊಳ್ಳೆಯೂ ತನ್ನ ಪಾಲಿನದನ್ನು ಕೊಟ್ಟಿರುತ್ತದೆ ಎಂಬ ಅನುಮಾನ ಯಾರಿಗೂ ಬರುವುದಿಲ್ಲ.

ಬೇಕಾದದ್ದು ಬಹಳವಿಲ್ಲ. ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಹಗಲಲ್ಲೂ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ, ಅಮ್ಮನ ಮನೆಯ ಹೂಕುಂಡದ ತಟ್ಟೆಯನ್ನು ಅವರು ಸೀರಿಯಲ್ ನೋಡುವಾಗ ಮಗುಚಿ. ಮಲೇರಿಯಾ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಹೊರಡುವ ಮುಂಚೆ ಡಾಕ್ಟರು ಹೇಳಲಿ, ಅಣ್ಣನ ಮಗ ಬೇಡ. ಮರಳಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಲೇರಿಯಾ ತಿಂಗಳುಗಳ ಮೇಲೂ ತಲೆಯೆತ್ತಬಹುದು. ಇಲ್ಲಿನ ಡಾಕ್ಟರು ಫ್ಲೂ ಎಂದು ಬರೆಯುವ ಮೊದಲು, ಇನ್ಶೂರೆನ್ಸ್ ಕಾರ್ಡಿಗಿಂತಲೂ ಮೊದಲು, ನೀವು ಯಾವ ಊರಿಗೆ ಹೋಗಿ ಬಂದಿರಿ ಎಂಬುದನ್ನು ಬಾಯಿಬಿಟ್ಟು ಹೇಳಿ.